ಮಡಿಲಲ್ಲಿ ಒಂದು ಕ್ವಾರ್ಟರ್

ಮಾರನಾಮಿ ಅಮಾವಾಸ್ಯೆಯ ಸಂಜೆ
ಮಂಡ್ಯ ದಾಟಿ, ಕಬ್ಬಿನ ಟ್ರಾಕ್ಟರುಗಳ ಹಿಂದೆ
ತೆವಳುತ್ತಿತ್ತು ನಮ್ಮ ಓಮ್ನಿ.
ವಾರವೆಲ್ಲ ಕಾನ್ವೆಂಟ್ ಮಕ್ಕಳನ್ನು ಹೊರುವ ಗಾಡಿ,
ಸೀಟಿನಡಿ ಯಾರದೋ ನೀರಿನ ಬಾಟಲು
ತಿರುವಿಗೊಮ್ಮೆ ಉರುಳುತ್ತಿತ್ತು.
ಅಮ್ಮ ಸ್ಟೇರಿಂಗಿನಲ್ಲಿ.
ಹಿಂದೆ ಎರಡು ಕೇಜಿ ಮಟನ್ನು, ಬಾಳೆಎಲೆ,
ಅಪ್ಪನ ಅಳತೆಗೇ ತಂದ ಅಂಗಿ,
ಒಂದು ಕಟ್ಟು ಬೀಡಿ.
ನನ್ನ ಮಡಿಲಲ್ಲಿ ಪೇಪರು ಸುತ್ತಿದ ಕ್ವಾರ್ಟರ್,
ಬ್ರಾಂದಿ,
ಅವನು ಕುಡಿಯುತ್ತಿದ್ದದ್ದೇ.

ಎದುರುಮನೆಯ ಬೋರಣ್ಣ ತಂದುಕೊಟ್ಟಿದ್ದು.
ದುಡ್ಡು ಕೊಟ್ಟ ಅಮ್ಮ ಬಾಟಲಿಗೆ ಕೈ ಚಾಚಲಿಲ್ಲ.
"ನೀ ಇಟ್ಕೋ ಬಿಂದು.
ಹನ್ನೆರ್ಡು ವರ್ಸ ಬಚ್ಚಲಿಗೆ ಸುರ್ದಿವ್ನಿ,
ಇನ್ ನನ್ ಕೈಗೆ ಬ್ಯಾಡ."

ನಾಲೆ ಸೇತುವೆಯ ಹತ್ತಿರ ಬ್ಯಾರಿಕೇಡು.
ಎಲೆಕ್ಷನ್ ಬಂತಲ್ಲ, ಎಲ್ಲ ಗಾಡಿಗೂ ತಪಾಸಣೆ.
ಟಾರ್ಚು ಅಮ್ಮನ ಮುಖ ನೋಡಿತು, ಲೈಸೆನ್ಸು ನೋಡಿತು,
ಬಾಳೆಎಲೆ ಎತ್ತಿ ನೋಡಿತು,
ಆಮೇಲೆ ನನ್ನ ಮಡಿಲಿಗೆ ಬಂದು
ಅಲ್ಲೇ ನಿಂತಿತು.

"ಏನದು?"
"ಎಡೆಗೆ."
"ವಯಸ್ಸೆಷ್ಟು?"
ಬ್ರಾಂದಿಯದೋ ನನ್ನದೋ ತಿಳಿಯಲಿಲ್ಲ ಒಂದು ಕ್ಷಣ.
"ಹದಿನಾರು."

"ಸೀಲು ಒಡ್ದಿಲ್ಲ ಸಾರ್" ಅಂದಳು ಅಮ್ಮ,
ನನ್ನ ಮಾರ್ಕ್ಸ್‌ಕಾರ್ಡ್ ತೋರಿಸುವ ದನಿಯಲ್ಲಿ.

ಗಾಡಿ ಪಕ್ಕಕ್ಕೆ ಹಾಕಿಸಿದರು.
ಟೆಂಟಿನ ಬಲ್ಬಿನ ಕೆಳಗೆ, ಹುಳುಗಳ ನಡುವೆ
ನನ್ನ ಮೇಲೆ ಒಂದು ಸಣ್ಣ ಕೋರ್ಟು ನಡೆಯಿತು.
"ಇಪ್ಪತ್ತೊಂದಾಗಿರ್ಬೇಕು."
"ಹದಿನೆಂಟು ಕಣಯ್ಯ."
"ಅದು ಕೊಳ್ಳೋಕೆ ಸಾರ್. ಇವ್ಳು ಕೊಂಡಿಲ್ವಲ್ಲ, ಇಟ್ಕೊಂಡವ್ಳೆ."
"ಇಟ್ಕೊಂಡ್ರೂ ಅದೇಯ."
"ಗಾಡೀಲಿದ್ರೆ ಓಡ್ಸೋರ್ದು ಅಲ್ವಾ ಜವಾಬ್ದಾರಿ?"
"ಮಡ್ಲಲ್ಲಿದ್ರೆ?"

ಅದಕ್ಕೆ ಯಾರ ಮೊಬೈಲಿನಲ್ಲೂ ಉತ್ತರವಿರಲಿಲ್ಲ.

ಕುರ್ಚಿಯಲ್ಲಿ ಸೌತೆಕಾಯಿ ತಿನ್ನುತ್ತಿದ್ದ ಮಹಿಳಾ ಪೇದೆ
ಎದ್ದು ಬಂದರು. ಬೆರಳಿಗಿನ್ನೂ ಉಪ್ಪುಖಾರ.
"ಏನಮ್ಮ, ನೀನೇ ಹಿಡ್ಕೊಂಡ್ರೆ ಆಯ್ತಪ್ಪ, ಮಗೀಗ್ಯಾಕೆ?"
ಅಮ್ಮ ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು
ಎದುರಿನ ಕತ್ತಲೆಯನ್ನೇ ನೋಡಿದಳು.
"ಕೇಸ್ ಬೇಕಾದ್ರೆ ಹಾಕ್ಕಳಿ ಮೇಡಂ.
ಮುಟ್ಟಕಿಲ್ಲ."

ಅವರು ಅಮ್ಮನನ್ನೇ ನೋಡಿದರು,
ಟಾರ್ಚಿಲ್ಲದೆ.
ನನ್ನ ಕೈಯಿಂದ ಕ್ವಾರ್ಟರ್ ತೆಗೆದುಕೊಂಡು
ಸುತ್ತಿ ಹೋಗಿ, ಹಿಂದಿನ ಡೋರೆತ್ತಿ
ಹೊಸ ಅಂಗಿಯ ಮಡಿಕೆಯೊಳಗೆ ಮಲಗಿಸಿದರು.
"ಈಗ ಯಾರ ಕೈಲೂ ಇಲ್ಲ. ಹೊರಡಿ."
ಮಡಿಲು ಹಗುರಾಯಿತು. ಲಂಗದ ಮೇಲೆ
ಬಾಟಲಿನಷ್ಟಗಲ ಬೆವರು.

ಅಜ್ಜಿ ಮನೆಯಲ್ಲಿ ಫೋಟೋಗೆ ಹೂ ಹಾಕಿತ್ತು.
ಮುದ್ದೆ, ಸಾರು, ಬೋಟಿಗೊಜ್ಜು, ಬೀಡಿ,
ಕೊನೆಗೆ ಅದು.
"ಮುಚ್ಚುಳ ತೆಗ್ದು ಮಡಗು ಮಗ,
ಸತ್ತೋರ್ಗೆ ತಿರುಗ್ಸಕ್ಕೆ ಕೈ ಎಲ್ಲಿದ್ದದು?"

ಆ ಮುಚ್ಚಳದ ಸದ್ದು ನನಗೆ ಗೊತ್ತು.
ಮೂರನೇ ಕ್ಲಾಸಿನಲ್ಲಿ, ಗೋಡೆಯಾಚೆ ಕಟಕ್ ಎಂದರೆ
ಮಗ್ಗಿ ಬಾಯಿಪಾಠ ನಿಲ್ಲಿಸಿ
ದೀಪ ಆರಿಸಿಬಿಡುತ್ತಿದ್ದೆ.

ಹೊಸ್ತಿಲಾಚೆಯಿಂದ ಅಮ್ಮ ಅಂದಳು,
"ಹಂಗೇ ಇರ್ಲಿ.
ಇವತ್ತೊಂದಿನ ಹಂಗೇ ನೋಡ್ಕಳ್ಲಿ."

ಬಾಗಿಲು ಮುಂದಕ್ಕೆಳೆದು ಎಲ್ಲರೂ ಹೊರಗೆ ಕುಂತೆವು.
ಎಡೆ ಉಣ್ಣುವಾಗ ನೋಡಬಾರದಂತೆ.
ಅಷ್ಟು ಹೊತ್ತೂ ಕಿವಿ ಕೊಟ್ಟೇ ಇದ್ದೆ.
ಒಳಗೆ ಏನೂ ಸದ್ದಾಗಲಿಲ್ಲ.

ಬೆಳಗ್ಗೆ ಚಿಕ್ಕಪ್ಪ ಜಗುಲಿಯ ಮೇಲೆ ಗೊರಕೆ ಹೊಡೆಯುತ್ತಿದ್ದ.
ಬಾಟಲು ಎಲ್ಲೂ ಕಾಣಲಿಲ್ಲ.
ರಂಗೋಲಿ ಕಲ್ಲಿನ ಪಕ್ಕ ಮುಚ್ಚಳ ಸಿಕ್ಕಿತು,
ಅದರ ಬಳೆಯಂಥ ಚೂರು ಬೇರೆ.
ಕಾಂಪಾಸ್ ಬಾಕ್ಸಿನಲ್ಲಿ ಹಾಕಿಟ್ಟಿದ್ದೇನೆ.

ಇದನ್ನು ಇಟ್ಟುಕೊಳ್ಳೋಕೆ
ಎಷ್ಟು ವರ್ಷ ಆಗಿರಬೇಕೋ,
ಆ ಮೇಡಂನ ಕೇಳಬೇಕಿತ್ತು.