ಎರಡೂಕಾಲು ಇಂಚು

ಶಿವಾಜಿನಗರದ ಸಂದಿಯಲ್ಲಿ ಮೂರನೇ ಅಂಗಡಿಯವನು ಕೇಳಿದ,
'ಕೊಳ್ಳೋಕೆ ಬಂದ್ರೋ, ತಪ್ಪು ಹುಡುಕೋಕೋ?'
ಎರಡಕ್ಕೂ, ಅಂದೆ.
ಕೊರಳಲ್ಲಿ ಟೇಪು ಹಾಗೇ ಇತ್ತು,
ತೆಗೆಯೋದು ಮರೆತು ಪೀಣ್ಯದಲ್ಲಿ ಬಸ್ ಹತ್ತಿದ್ದೆ.

ಹನ್ನೊಂದು ವರ್ಷದಿಂದ ಕೆಲಸ ಇದೇ ನನಗೆ:
ನಾನು ಕಾಣದ ದೇಶದ, ನಾನು ಎತ್ತಿಕೊಳ್ಳದ ಮಕ್ಕಳ
ಅಂಗಿಯ ಗುಂಡಿ ಹಿಡಿದು ಎಳೆಯೋದು.
ಕಿತ್ತು ಬಂದರೆ ಇಡೀ ಪೆಟ್ಟಿಗೆ ವಾಪಸ್ಸು.
ಕೊರಳ ಹತ್ತಿರ ಲಾಡಿ ಕೂಡದು.
ಸೂಜಿ ಮುರಿದರೆ ಚೂರೆಲ್ಲ ಸಿಗಬೇಕು,
ಸಿಗುವ ತನಕ ಲೈನು ನಿಂತಿರಬೇಕು.
ಆ ಮಕ್ಕಳ ಹೆಸರು ಗೊತ್ತಿಲ್ಲ, ಸೈಜು ಗೊತ್ತು.

ಈಗ ನನಗೇ ಏಳನೇ ತಿಂಗಳು.
ಒಳಗಿರುವುದರ ಸೈಜು ಗೊತ್ತಿಲ್ಲ.

ಮೊದಲಂಗಡಿಯದು ಬೆತ್ತದ್ದು, ಸುತ್ತ ಗಿಳಿ, ಗೆಜ್ಜೆ.
ಚಂದ ಅಂದರೆ ಚಂದ.
ಗಿಳಿಯ ಕಣ್ಣು ಎಳೆದೆ, ಕೈಗೇ ಬಂತು.
ಎರಡನೆಯದು ಕಬ್ಬಿಣದ್ದು, ಬಿಳಿ ಬಣ್ಣ, ಇನ್ನೂ ವಾಸನೆ.
ಉಗುರಿಂದ ಕೆರೆದೆ:
ಬಿಳಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಕೆಂಪು,
ಅದರ ಕೆಳಗೆ ತುಕ್ಕು,
ತುಕ್ಕಿನಲ್ಲಿ ಯಾರದೋ ಹಾಲುಹಲ್ಲಿನ ಗುರುತು.
ಮೂರನೆಯದು ಯಾವುದೋ ಅಪಾರ್ಟ್‌ಮೆಂಟಿನಿಂದ ಇಳಿದು ಬಂದದ್ದು.
ಒಂದು ಪಕ್ಕ ಜಾರಿ ಕೆಳಗಿಳಿಯುತ್ತೆ,
'ಎಷ್ಟು ಅನುಕೂಲ ನೋಡಿ' ಅಂತ ಇಳಿಸಿ ತೋರಿಸಿದ.
ಮೇಲಕ್ಕೆತ್ತಿ, ಕೊಕ್ಕೆ ಹಾಕಿ, ಮೊಣಕೈ ಊರಿದೆ.
ಈ ಸಲ ಅದು ತಾನಾಗೇ ಇಳಿಯಿತು.

ಮನೆಯಲ್ಲಿ ಹೊನ್ನಮ್ಮತ್ತೆ ಕಾದಿದ್ದರು.
'ಹುಟ್ಟೋ ಮುಂಚೆ ತೊಟ್ಟಿಲು ತರಬಾರದು ಕಣೇ.
ನಿನ್ನ ಗಂಡ ಬೆಳೆದಿದ್ದು ನನ್ನ ಸೀರೆ ಜೋಲೀಲಿ.'
ಲಗ್ಗೆರೆಯ ಈ ಶೀಟಿನ ಮನೆಗೆ ತೊಲೆ ಎಲ್ಲಿದೆ, ಕೊಂಡಿ ಎಲ್ಲಿದೆ?
ತರೋಲ್ಲ ಅತ್ತೆ, ಅಳೀತೀನಿ ಅಷ್ಟೆ,
ಅಳತೆಗೆ ಯಾವ ದೋಷ?

ಸುಂಕದಕಟ್ಟೆಯ ಮೌನೇಶಾಚಾರಿಗೆ ಮಾತು ಕಮ್ಮಿ.
ಯಾರದೋ ಬಾಗಿಲಿಗೆ ತಂದು ಉಳಿದ ಹಲಸು ಇದೆ, ಅಂದ.
ಕಂಬಿಗೂ ಕಂಬಿಗೂ ನಡುವೆ ಎರಡೂಕಾಲು ಇಂಚು,
ಒಂದು ನೂಲೂ ಹೆಚ್ಚಬಾರದು, ಅಂದೆ.
ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಅವನು ಕೇಳಲಿಲ್ಲ.
'ಮೈ ತೂರುತ್ತೆ, ತಲೆ ಸಿಕ್ಕೊಳ್ಳುತ್ತೆ.
ನಮ್ಮಣ್ಣನ ಮಗು...'
ಅಂದವನು ಉಜ್ಜುಗೊರಡು ಎತ್ತಿಕೊಂಡ.
ತುಂಬ ಹೊತ್ತು ಸಿಪ್ಪೆ ಹಾರುತ್ತಲೇ ಇತ್ತು, ಹಳದಿ ಹಳದಿ.

ಹೆಣ್ಣು. ಎರಡು ಕೇಜಿ ಒಂಬೈನೂರು.

ಹೆಸರಿಡುವ ದಿನ ಅತ್ತೆ ರುಬ್ಬುಗುಂಡನ್ನು ತೊಳೆದು,
ಅರಿಶಿನ ಹಚ್ಚಿ, ಕುಲಾವಿ ತೊಡಿಸಿ,
ಮಗುವಿಗಿಂತ ಮೊದಲು ತೊಟ್ಟಿಲಲ್ಲಿ ಮಲಗಿಸಿದರು.
ಹಲಸು ಕಿರ್ ಅನ್ನಲಿಲ್ಲ.
ಬಂದವರೆಲ್ಲ ನಕ್ಕರು, ನಾನೊಬ್ಬಳು ಬಗ್ಗಿ ಕೀಲು ನೋಡುತ್ತಿದ್ದೆ.
ಯಾವ ಕಾಲದ ಯಾವ ಹೆಂಗಸೋ,
ಟೇಪಿಲ್ಲದವಳು, ಸಂಬಳವಿಲ್ಲದವಳು,
ನನ್ನ ಕೆಲಸ ನನಗಿಂತ ಮೊದಲೇ ಮಾಡಿದ್ದಾಳೆ.

ಆಮೇಲೆ ಜಗಳ. ಸಾಸಿವೆ ದಿಂಬಿನದು.
ತಲೆ ದುಂಡಗಾಗಲಿ ಅಂತ ಅತ್ತೆ ಕೈಯಾರೆ ಹೊಲಿದದ್ದು,
ಹೊಲಿಗೆಯಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.
ಆದರೂ ಬೇಡ ಅಂದೆ.
ದಿಂಬು ಬೇಡ, ಕೌದಿ ಬೇಡ, ಗೊಂಬೆ ಬೇಡ,
ಗಟ್ಟಿ ಹಾಸಿಗೆ, ಬಿಗಿದ ಬಟ್ಟೆ, ಅಂಗಾತ ಮಗು, ಸಾಕು.
'ತೂಗೋಕೂ ಆಗದ ತೊಟ್ಟಿಲು,
ಅದೂ ದಿಕ್ಕಿಲ್ಲದೋರ ಮನೆ ಥರ ಬೋಳು ಬೋಳು'
ಅಂತ ಮುಖ ತಿರುಗಿಸಿ ಹೋದರು.

ರಾತ್ರಿ ಎರಡಕ್ಕೆ ಎಚ್ಚರವಾಯಿತು.
ರಿಂಗ್ ರೋಡಿನ ಲಾರಿಗಳ ಬೆಳಕು ಗೋಡೆ ದಾಟುತ್ತಿತ್ತು.
ಅತ್ತೆ ತೊಟ್ಟಿಲ ಪಕ್ಕ ನೆಲದಲ್ಲಿ ಮಲಗಿದ್ದಾರೆ,
ಸಾಸಿವೆ ದಿಂಬು ತಮ್ಮ ತಲೆಯಡಿ.
ಒಂದು ಕೈ ಕಂಬಿಯ ನಡುವೆ ತೂರಿ
ಮಗುವಿನ ಅಂಗಾಲಿನ ಹತ್ತಿರ.
ಬೆರಳು ಒಳಗೆ ಹೋಗಿವೆ,
ಎರಡೂವರೆ ಇಂಚಿನ ಬಳೆ ಹೊರಗೇ ನಿಂತಿದೆ.