ಕಿವಿಗೆ ಬಿದ್ದ ಕೆಂಪು

ಮೈಸೂರಿನ ರೈಲ್ವೆ ಆಸ್ಪತ್ರೆಯಲ್ಲಿ ಡಾಕ್ಟರು
ಚುಕ್ಕಿಗಳ ಪುಸ್ತಕ ಬಿಡಿಸಿ ಹಿಡಿದು
ಇದೆಷ್ಟು ಅಂದರು.
ಚುಕ್ಕಿ ಅಂದೆ.
ಚುಕ್ಕಿಯೊಳಗಿನ ಅಂಕಿ ಎಷ್ಟಪ್ಪ ಅಂದರು.
ಹಾಳೆ ತಿರುವಿದರು, ಮತ್ತೆ ತಿರುವಿದರು,
ನನಗೆ ಎಲ್ಲದರಲ್ಲೂ ಅದೇ ಒಣಗಿದ ಬಯಲು.
ಸಿಗ್ನಲ್ಲು ಕಾಣದವನ ಕೈಗೆ ರೈಲು ಕೊಡುವುದಿಲ್ಲ. ನ್ಯಾಯವೇ.

ಹಾಗೆ ಶೆಟ್ಟಿಹಳ್ಳಿ ಕಾಡಿಗೆ ವಾಚರ್ ಆಗಿ ಬಂದೆ.
ಇಲ್ಲಿರುವುದು ಪುರದಾಳಿನಾಚೆ ಒಂದೇ ಗೇಟು,
ಅದಕ್ಕೆ ಬಳಿದದ್ದು ಯಾವ ಬಣ್ಣವೋ,
ಇಳಿದಿದ್ದರೆ ನಿಲ್ಲಬೇಕು, ಎದ್ದಿದ್ದರೆ ಹೋಗಬಹುದು.

ಗಣತಿಯ ವಾರ ತರಬೇತಿ ಕೊಡಲು ಬಂದ ಹುಡುಗಿ
ಗೋಡೆಗೆ ಎರಡು ಚಿತ್ರ ಅಂಟಿಸಿದಳು:
ಇದು ನಮಗೆ ಕಾಣುವ ಕಾಡು,
ಇದು ಜಿಂಕೆಗೆ ಕಾಣುವ ಕಾಡು.
ಎಲ್ಲರೂ ಓಹೋ ಅಂದರು.
ಪಕ್ಕದ ಹುಚ್ಚರಾಯನನ್ನು ಮೆಲ್ಲಗೆ ಕೇಳಿದೆ,
ಎರಡಕ್ಕೂ ಏನು ವ್ಯತ್ಯಾಸ ಮಾರಾಯ?

ಫಾಲ್ಗುಣದಲ್ಲಿ ಅವು ಮುತ್ತುಗದ ಬುಡಕ್ಕೆ ಬಂದು
ಉದುರಿದ ಹೂ ಮೇಯುತ್ತವೆ. ಕೆಂಡ ಮೇದ ಹಾಗೆ, ಅನ್ನುತ್ತಾರೆ ಕಂಡವರು.
ನಮಗೆ, ಅಂದರೆ ಜಿಂಕೆಗೂ ನನಗೂ,
ಅದು ಮೆತ್ತಗಿನ, ತುಸು ಒಗರಿನ ಮೇವು.
ತಿಂದು ನೋಡಿದ್ದೇನೆ.

ನೀಲಿಯ ವಿಷಯದಲ್ಲಿ ಮಾತ್ರ ಅವು ನನಗಿಂತ ಮೇಲು.
ಹಾಲಮ್ಮ ಸೋಪಿನ ಪುಡಿ ಹಾಕಿ, ನೀಲಿ ಅದ್ದಿ ಒಗೆದ ಅಂಗಿಯಲ್ಲಿ
ಬೆಳಗಿನ ಜಾವ ಕೆರೆದಂಡೆಗೆ ಹೋದರೆ
ಆ ಮಬ್ಬಿನಲ್ಲಿ ನಾನು ಟ್ಯೂಬ್‌ಲೈಟಿನ ಹಾಗೆ ಉರಿಯುತ್ತೇನಂತೆ.
ನೂರು ಮಾರಿನಾಚೆಯೇ ಒಂದು ತಲೆ ಎತ್ತುತ್ತದೆ,
ಮುಂಗಾಲು ನೆಲಕ್ಕೆ ಕುಟ್ಟುತ್ತದೆ.
ಈಗ ನನ್ನ ಅಂಗಿ ನಾನೇ ಒಗೆದುಕೊಳ್ಳುತ್ತೇನೆ, ಅಂಟುವಾಳದಲ್ಲಿ.

ಅಡ್ಡ ಮಲಗಿದ ಭತ್ತದ ಕಾಳಿನಂಥ ಪಾಪೆ.
ಎದುರು, ಎಡ, ಬಲ, ಹೆಚ್ಚುಕಡಿಮೆ ಬೆನ್ನ ಹಿಂದೂ ಸೇರಿ
ಇಡೀ ಬಯಲು ಒಂದೇ ಗೆರೆಯಲ್ಲಿ.
ಕದಲದ್ದು ಏನೂ ಅಲ್ಲ.
ಕದಲಿದ್ದು ಏನು ಬೇಕಾದರೂ ಆಗಬಹುದು.

ಭದ್ರೆಯ ಕಡೆಯಿಂದ ಅಪರೂಪಕ್ಕೆ ದಾಟಿ ಬರುವ ಹುಲಿ
ಆ ಮಂಗಳವಾರ ಹುಲ್ಲಿನಲ್ಲಿ ಕೂತಿತ್ತು.
ಹದಿನೇಳು ಜಿಂಕೆ ಅದರ ಕಡೆಗೇ ಮುಖ ಮಾಡಿ ಮೇಯುತ್ತಿದ್ದವು.
ಹದಿನೆಂಟನೆಯವನು ನಾನು, ದುರ್ಬೀನು ಹಿಡಿದು
ಆ ಹುಲ್ಲನ್ನೇ ನೋಡುತ್ತ,
ಈ ಸಲ ಹುಲ್ಲು ಚೆನ್ನಾಗಿ ಬಂದಿದೆ ಅಂದುಕೊಳ್ಳುತ್ತ.

ಮತ್ತಿಮರದ ತುದಿಯಿಂದ ಮುಸುವ ಕೆಮ್ಮಿತು.
ಖಕ್. ಖಕ್ಕರ್.
ಚಿಗುರು ಯಾವುದು, ಹಣ್ಣು ಯಾವುದು ಎಂದು ಆರಿಸಿ ತಿನ್ನುವ ಜಾತಿ,
ಅದಕ್ಕೆ ಕಾಣುತ್ತದೆ ಕಿತ್ತಳೆ.
ಹದಿನೇಳೂ ತಲೆ ಮೇಲಾದವು, ಬಾಲದ ಬಿಳಿ ನೆಟ್ಟಗಾಯಿತು,
ಬಯಲು ಖಾಲಿ.
ಎಲ್ಲಿ, ತೋರಿಸು ಅನ್ನಲಿಲ್ಲ ಒಂದೂ.

ಹುಲಿ ಎದ್ದು ಆಕಳಿಸಿತು.
ಕದಲಿದ ಮೇಲೆ ನನಗೂ ಕಂಡಿತು.

ಮರುದಿನ ಗಾಂಧಿಬಜಾರಿನಲ್ಲಿ ಟೊಮೇಟೊ ರಾಶಿಯ ಮುಂದೆ ಕೂತು
ಒಂದೊಂದೇ ಎತ್ತಿ ಹಿಡಿದೆ.
ಬೀನ್ಸು ಮುರಿದು ನೋಡುತ್ತಿದ್ದ ಹಾಲಮ್ಮ
ಅರೆಕಣ್ಣಲ್ಲಿ ಇತ್ತ ತಿರುಗಿ ಅಂದಳು:
ಕಾಯಿ.
ಕಾಯಿ.
ಹಣ್ಣು.
ಚೀಲಕ್ಕೆ ಹಾಕಿದೆ.