ಅನಾಮಿಕ

ಮಿಂಡೆಲೊ ಬಂದರಿನ ಹಿಂದಿನ ಓಣಿಯಲ್ಲಿ
ಚಪ್ಪಲಿ ಹೊಲಿಯುವ ನ್ಯೊ ತಿಯೋಫಿಲುವಿನ ಎಡಗೈಯಲ್ಲಿ
ಬೆರಳು ನಾಲ್ಕೇ.
ಹೋದದ್ದು ಉಂಗುರದ್ದು,
ಹೆಸರಿಲ್ಲದ್ದು ಎಂದೇ ನಾವು ಹೆಸರಿಟ್ಟದ್ದು.
ಟ್ಯೂನಾ ದೋಣಿಯ ರಾಟೆ ಹಗ್ಗದ ಜೊತೆ
ಉಂಗುರವನ್ನೂ ಸುತ್ತಿಕೊಂಡಿತಂತೆ.
ಮೀನಿನ ಬೆಲೆ ಹೇಳಿದ ಹಾಗೆ ಹೇಳುತ್ತಾನೆ.

ಸಂಜೆ, ಅಂಟು ಒಣಗುವ ಹೊತ್ತಿಗೆ
ಇವನಿಲ್ಡಾ ಬರುತ್ತಾಳೆ, ಹದಿಮೂರರ ಹುಡುಗಿ,
ಅಣ್ಣನ ಗಿಟಾರನ್ನು ಅಕ್ಕಿಚೀಲದಲ್ಲಿ ತೂರಿಸಿಕೊಂಡು.
ಮೊದಲ ತಿಂಗಳು ಬರೀ ಮಿ.
ಬೇರೆ ಊರುಗಳಲ್ಲಿ ಇ ಅನ್ನುತ್ತಾರೆ, ಇಲ್ಲಿ ಮಿ.
ಐದನೆಯ ತಂತಿ, ಎರಡನೆಯ ಮನೆ: ನಡುಬೆರಳು.
ನಾಲ್ಕನೆಯ ತಂತಿ, ಅದೇ ಮನೆ: ಅನಾಮಿಕ.
ಮೂರನೆಯದರ ಮೊದಲ ಮನೆಯಲ್ಲಿ ತೋರುಬೆರಳು.
ಮೀಟಿದರೆ ಬಾಗಿಲು ಮುಚ್ಚಿ ಅಗಳಿ ಹಾಕಿದ ಹಾಗೆ,
ಎಲ್ಲರೂ ಒಳಗೆ, ದೀಪ ಹಚ್ಚಿದೆ, ಊಟ ಬಡಿಸಿದೆ.

"ಏಳರದ್ದು ಹೇಳಿಕೊಡು" ಎಂದಳು ಎರಡನೆಯ ತಿಂಗಳು,
"ಇನ್ನೊಂದು ಬೆರಳು ಎಲ್ಲಿಡಲಿ?"
ಏಳು ಅಂದರೆ ಹೆಚ್ಚಿಗೆ ಅಂದುಕೊಂಡಿದ್ದಳು,
ಅಂಗಡಿಯ ಲೆಕ್ಕದ ಹಾಗೆ.
"ಇಡಬೇಡ. ತೆಗಿ."

ಅನಾಮಿಕವನ್ನು ಎತ್ತಿದಳು.
ನಾಲ್ಕನೆಯ ತಂತಿ ಬರಿಮೈಯಲ್ಲಿ ಮಿಡಿಯಿತು.
ಅಗಳಿ ಸರಿದು ಬಾಗಿಲು ಒಂದು ಗೇಣು ತೆರೆದು
ಒಳಗೆ ಗಾಳಿ, ಮರಳು, ಯಾವುದೋ ಹಡಗಿನ ಡೀಸೆಲ್ ವಾಸನೆ.

ಕನ್ನಡದಲ್ಲಿ ಬರೆಯುವ ನನಗೆ ಇಲ್ಲೊಂದು ಸಣ್ಣ ಲಾಭ:
ಏಳು ಎಂದರೆ ಎಣಿಸಿದಂತೆಯೂ ಆಯಿತು, ಎಬ್ಬಿಸಿದಂತೆಯೂ.
ನ್ಯೊ ತಿಯೋಫಿಲುವಿಗೆ ಈ ಸೌಕರ್ಯವಿಲ್ಲ.
ಅವನು ಬಾಯಿ ಬಿಟ್ಟ ಬೂಟೊಂದನ್ನು ಒಯ್ದು
ಹೊಸಿಲಿಗೆ ಎರಡು ಮೆಟ್ಟಿಲು ಕೆಳಗೆ ಇಟ್ಟ.
"ನೋಡು, ಇವನು ಮನೆಗೆ ಹೊರಟವನೇ,
ಮೇಲಿನ ಮಿ ಎದುರಿಗೇ ಇದೆ, ಇನ್ನೆರಡೇ ಮೆಟ್ಟಿಲು,
ಇಲ್ಲಿ ನಿಂತುಬಿಟ್ಟಿದ್ದಾನೆ.
ತಟ್ಟುವುದೂ ಇಲ್ಲ, ತಿರುಗಿ ಹೋಗುವುದೂ ಇಲ್ಲ.
ಒಳಗಿದ್ದವರು ಊಟ ಬಿಟ್ಟು ಕಿಟಕಿಗೆ ಬರುತ್ತಾರೆ.
ಅದಕ್ಕೇ ಮುಂದೊಂದು ಕಾರ್ಡು ಬೇಕಾಗುವುದು."

"ನಿನಗೆ ಬರೀ ಮಿ ಬರುವುದೇ ಇಲ್ಲವಾ? ಕಿರುಬೆರಳಿದೆಯಲ್ಲ?"
"ಬರುತ್ತದೆ. ಎರಡು ವರ್ಷ ಕಿರುಬೆರಳಿಂದಲೇ ಒತ್ತಿದೆ.
ಆಮೇಲೆ ಬಿಟ್ಟೆ."
ಯಾಕೆ ಎಂದು ಕೇಳುವಷ್ಟರಲ್ಲಿ
ಅವನ ಬಾಯಲ್ಲಿ ಮೊಳೆಗಳಿದ್ದವು.

ಸಿ ಏಳು ಮಾತ್ರ ಬೇರೆ ಮಾತು.
ಅಲ್ಲಿ ಏಳನೆಯದು ಖಾಲಿಯಿಂದ ಹುಟ್ಟುವುದಿಲ್ಲ,
ಮೂರನೆಯ ತಂತಿಯ ಎರಡನೆಯ ಮನೆಗೆ
ಅನಾಮಿಕವೇ ಹೋಗಿ ಒತ್ತಬೇಕು.
ಇಪ್ಪತ್ತು ವರ್ಷದಿಂದ ಅವನ ಹಾಡುಗಳಲ್ಲಿ
ಆ ಜಾಗದಲ್ಲೊಂದು ತೂತು.
ಅಲ್ಲಿಗೆ ಬಂದಾಗ ಕೆಮ್ಮುತ್ತಾನೆ.
ಓಣಿಯವರು ಕೆಮ್ಮನ್ನೂ ಹಾಡಿಗೆ ಸೇರಿಸಿಕೊಂಡಿದ್ದಾರೆ,
ಮದುವೆಮನೆಯಲ್ಲಿ ಸರಿಯಾದ ಹೊತ್ತಿಗೆ
ಮದುಮಗನೂ ಕೆಮ್ಮುತ್ತಾನೆ.

ನಿನ್ನೆ ಅವಳು ಕೇಳದೆ ಕೈ ಚಾಚಿದಳು.
ಪಾಲಿಷು ಮೆತ್ತಿದ ಮೂರು ಬೆರಳುಗಳ ಸಂದಿನಲ್ಲಿ
ತನ್ನದೊಂದನ್ನು ತೂರಿಸಿದಳು. ಉಗುರಿಗೆ ಉಗುರು ತಾಗಿತು.
ತಂತಿ ಮೊದಲು ಗೊರಗೊರ ಎಂದಿತು.
"ಸ್ವಲ್ಪ ಮುಂದೆ, ಹಿತ್ತಾಳೆ ಗೆರೆಯ ಹತ್ತಿರ."
ಮೀಟಿದ.

ಕೆಮ್ಮು ಗಂಟಲವರೆಗೆ ಬಂದದ್ದು
ಅಲ್ಲೇ ಕೂತಿತು.
ಇಬ್ಬರೂ ಕೈ ತೆಗೆಯಲಿಲ್ಲ.
ಸದ್ದು ಮರದೊಳಗೆ ಇಳಿಯುತ್ತ ಇಳಿಯುತ್ತ
ಇದೆಯೋ ಇಲ್ಲವೋ ಎಂಬಲ್ಲಿಗೆ ಬಂದಿತ್ತು.
ಹಿಮ್ಮಡಿ ಕಿತ್ತ ಜೋಡಿಗಾಗಿ
ಹೊಸಿಲಲ್ಲಿ ಒಂಟಿಕಾಲಲ್ಲಿ ನಿಂತಿದ್ದ ಕ್ರಿಸಾಂತಾ ಕೇಳಿದಳು:
"ಮುಗಿಯಿತಾ?"

"ಇಲ್ಲ" ಎಂದು ಅವಳಿಗೆ.
ಹುಡುಗಿಗೆ, "ಈಗ ಬೆರಳೆತ್ತು."